ನಾಗಪುರದಿಂದ ಹಾರಿಬಂದ ಪಾರಿವಾಳ

ಪಕ್ಕದ ಮಹಡಿಯ ದೈವಾನೈ ಮೇಲೆ ಏಳುಮಲೈಗೆ ಇವತ್ತಿಗೂ ಸಿಟ್ಟು. ಹೋದ ವರ್ಷದ ಪಂದ್ಯದಲ್ಲಿ ಅವನ ಪಾರಿವಾಳ ಚೆನ್ನೈ ಮುಟ್ಟಿಯೂ ಅವಳ ಸಂಡಿಗೆ ಹೆಕ್ಕುತ್ತ ಕೂತುಬಿಟ್ಟಿತ್ತು. ಕಾಲಿನ ಉಂಗುರ ಬಿಚ್ಚಿ ಪಂದ್ಯದ ಗಡಿಯಾರಕ್ಕೆ ಹಾಕುವವರೆಗೆ ಹಕ್ಕಿ ಬಂದ ಲೆಕ್ಕವಿಲ್ಲ.

ಈ ಸಲ ನಾಗಪುರದಿಂದ ಒಂಬೈನೂರು ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಬಿಟ್ಟ ಹಕ್ಕಿ ಸಂಜೆ ಆರೂಕಾಲಿಗೆ ಆಕಾಶದಲ್ಲಿ ಚುಕ್ಕಿಯಾಗಿ ಕಂಡಾಗ ಅವನ ಎದೆ ನಗಾರಿಯಾಯಿತು. ಅದು ನೆಟ್ಟಗೆ ದೈವಾನೈಯ ನೀರಿನ ತೊಟ್ಟಿಯ ಮೇಲಿಳಿಯಿತು.

"ಅದನ್ನ ಮುಟ್ಟಿದ್ಯೋ, ನೋಡು ಮತ್ತೆ," ಎಂದು ಏಳುಮಲೈ ಗುಡುಗಿದ.

"ಬಾಯ್ಮುಚ್ಕೊಂಡು ನಿಂತ್ಕೊಳ್ಳಣ್ಣ, ನಿನ್ನ ಅರಚಾಟಕ್ಕೇ ಅದು ಬೆದರಿರೋದು," ಎಂದ ದೈವಾನೈ ಹಿಡಿ ಅಕ್ಕಿ ತೋರಿಸಿ ಹಕ್ಕಿಯನ್ನು ಹಿಡಿದು, ಗೋಡೆಯಾಚೆಯಿಂದ ಅವನ ಕೈಗಿತ್ತಳು.

ಒಂದೇ ನಿಮಿಷದ ಅಂತರದಲ್ಲಿ ಗೆದ್ದ. ಬೀದಿಯುದ್ದಕ್ಕೂ ಕುಣಿದ. ದೈವಾನೈಗೆ ಹೇಳಬೇಕಾದ ಒಂದು ಒಳ್ಳೇ ಮಾತು ಮಾತ್ರ ಈವರೆಗೂ ಬಾಕಿ.