ಅರ್ಧ ಓಮ್‌ನ ಕಾಯಿಲ್

ಇನ್ನು ಸಿಗರೇಟು ಮುಟ್ಟುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಆಣೆ ಮಾಡಿದವನು ನಾನು. ದೀಪಾವಳಿಯ ಬೆಳಿಗ್ಗೆ ಹೆಂಡತಿ ಒಂಬತ್ತು ವರ್ಷದ ಮಗಳನ್ನು ನನ್ನೆದುರು ತಂದು ನಿಲ್ಲಿಸಿದ್ದಳು. ಧಾರವಾಡ ಬಿಟ್ಟು ಎಷ್ಟು ವರ್ಷವಾದರೂ ಅವಳ ಮಾತು ಅಲ್ಲಿಯದೇ. "ಅಕಿ ತಲಿ ಮುಟ್ಟಿ ಹೇಳ್ರಿ, ಇನ್ನ ಸಿಗರೇಟ್ ಸೇದಂಗಿಲ್ಲಂತ." ಹೇಳಿದೆ. ಎರಡು ವಾರ ಹೇಗೋ ತಳ್ಳಿದೆ. ಆಮೇಲೆ ಅಮೆರಿಕದಲ್ಲಿ ನಾವಿರುವ ಊರು ರೆಂಟನ್ನಿನ ಅಂಗಡಿಯೊಂದರಲ್ಲಿ, ಹೊಗೆಯ ಬದಲು ನಿಕೋಟಿನ್ ಆವಿ ಎಳೆಯುವ ವೇಪ್ ಕೊಂಡುಬಿಟ್ಟೆ. ಆಣೆ ಇದ್ದದ್ದು ಸಿಗರೇಟಿಗೆ, ಇದು ಸಿಗರೇಟಲ್ಲವಲ್ಲ! ಎಂಥ ವಕೀಲ ನೋಡಿ ನಾನು.

ವಿಮಾನ ಕಾರ್ಖಾನೆಯಲ್ಲಿ ವೈರಿಂಗ್ ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ಅದರ ಮರ್ಮ ಮೊದಲ ದಿನವೇ ತಿಳಿಯಿತು. ಒಳಗೊಂದು ತಂತಿಯ ಸುರುಳಿ, ಅದೇ ಕಾಯಿಲ್; ಅದಕ್ಕೆ ತಾಗಿದಂತೆ ದ್ರವ ಹೀರಿದ ಹತ್ತಿ. ಕರೆಂಟ್ ಹರಿದರೆ ಸುರುಳಿ ಕಾದು ದ್ರವ ಆವಿಯಾಗುತ್ತದೆ. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ, ಸುರುಳಿ ಕರೆಂಟನ್ನು ಎಷ್ಟು ತಡೆಯುತ್ತದೆ ಎನ್ನುವ ಓಮ್‌ನಿಂದ ಭಾಗಿಸಿದರೆ ಎಷ್ಟು ವಾಟ್ ಎಂದು ಸಿಗುತ್ತದೆ. ಮೂರು ವೋಲ್ಟಿಗೆ ಅರ್ಧ ಓಮ್‌ನ ಕಾಯಿಲ್ ಹಾಕಿದರೆ ಹದಿನೆಂಟು ವಾಟ್. ಒಂದು ಓಮ್‌ನದು ಹಾಕಿದರೆ ಒಂಬತ್ತು, ಒಂದೂವರೆಯದಾದರೆ ಬರೀ ಆರು. ತಿಂಗಳಿಗೊಂದು ಕಾಯಿಲ್ ಬದಲಿಸುತ್ತ ಶಾಖ ಇಳಿಸಿ, ಯಾರಿಗೂ ಗೊತ್ತಾಗದಂತೆ ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದೆ.

ಆರು ವಾಟಿಗೆ ಬಂದಾಗ ತಲೆ ಕೆಟ್ಟುಹೋಯಿತು. ಆವಿ ಬಾಯಿಗೆ ಬಂತೋ ಇಲ್ಲವೋ ಎನ್ನುವಂತಿತ್ತು. ಮೀಟಿಂಗಿನಲ್ಲಿ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಮನೆಯಲ್ಲಿ ಚಮಚ ಬಿದ್ದರೂ ಸಿಡುಕುತ್ತಿದ್ದೆ. ಕೊನೆಗೆ ವೋಲ್ಟೇಜನ್ನು ನಾಲ್ಕಕ್ಕೆ ಏರಿಸಿದೆ. ಒಂದೇ ಒಂದು ವೋಲ್ಟ್, ಆರು ವಾಟ್ ಇದ್ದದ್ದು ಹತ್ತು ದಾಟಿತು. ಅದೂ ಸಾಲಲಿಲ್ಲ.

ಆ ಭಾನುವಾರ ಅರ್ಧ ಗಂಟೆ ದೂರದ ಟೋಟೆಮ್ ಲೇಕ್ ಬಡಾವಣೆಯಲ್ಲಿ ಮಗಳ ಕನ್ನಡ ತರಗತಿ ಮುಗಿಯುವುದನ್ನು ಕಾಯುತ್ತ ಕಾರಿನಲ್ಲಿ ಕೂತಿದ್ದೆ. ಹತ್ತು ನಿಮಿಷ ತಡೆಯಲಾಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಅರ್ಧ ಓಮ್‌ನ ಕಾಯಿಲ್ ಸಿಕ್ಕಿತು. ಸಿಕ್ಕಿದ್ದೇ ಹಾಕಿ ಎಳೆದೆ. ವೋಲ್ಟೇಜ್ ನಾಲ್ಕರಲ್ಲೇ ಇದೆ ಎನ್ನುವುದು ಮರೆತೇಹೋಗಿತ್ತು. ಮೂವತ್ತೆರಡು ವಾಟ್! ಕೆಲಸದಲ್ಲಿ ಜೂನಿಯರ್ ಯಾರಾದರೂ ಹೀಗೆ ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಒಣ ಹತ್ತಿ ಸುಟ್ಟು, ಗಂಟಲಿಗೆ ಕೆಂಡ ಇಳಿದಂತಾಗಿ ಕೆಮ್ಮತೊಡಗಿದೆ. ಅಷ್ಟರಲ್ಲಿ ಮಗಳು ಬಾಗಿಲು ತೆಗೆದಳು.

"ಅಪ್ಪಾ, ಸಮ್‌ಥಿಂಗ್ ಈಸ್ ಬರ್ನಿಂಗ್!"

"ಏನಿಲ್ಲವ್ವಾ, ಕಾರಿನ ಹೀಟರ್ ಸ್ವಲ್ಪ ಜಾಸ್ತಿ ಕಾದೇತಿ."

ರೆಂಟನ್ ಮುಟ್ಟುವವರೆಗೂ ಅವಳು ಬಾಗಿಲಿನ ಹಿಡಿ ಬಿಡಲಿಲ್ಲ. ಕನ್ನಡಿಯಲ್ಲಿ ಕಾಣುತ್ತಿತ್ತು.

ಮನೆಗೆ ಬಂದವಳೇ ಅಮ್ಮನ ಹತ್ತಿರ ಓಡಿ, ಕಾರಿಗೆ ಬೆಂಕಿ ಹತ್ತುತ್ತದೆ, ಅಪ್ಪ ಅದರಲ್ಲೇ ಕೆಲಸಕ್ಕೆ ಹೋಗುತ್ತಾನೆ ಎಂದು ಅತ್ತಳು.

"ನಾಳೆ ಬಸ್ಸಿನಾಗ ಹೋಗ್ರಿ. ಮೊದಲ ಕಾರ್ ತೋರಸ್ರಿ," ಅಂದಳು ಹೆಂಡತಿ.

"ಆತು," ಅಂದೆ.

ಮಗಳಿಗೆ ಸಮಾಧಾನವಾಗಲಿಲ್ಲ. ಕಣ್ಣೊರೆಸಿಕೊಂಡು ಬಂದು ನನ್ನ ಮುಂದೆ ತಲೆ ಬಗ್ಗಿಸಿ ನಿಂತಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ತಾಯಿಯ ಮಾತನ್ನೇ ಆಡಿದಳು.

"ನನ್ನ ತಲಿ ಮುಟ್ಟಿ ಹೇಳಪ್ಪಾ, ಹೀಟರ್ ರಿಪೇರಿ ಆಗೋತನಕ ಕಾರ್ ಹೊಡಿಯಂಗಿಲ್ಲಂತ."

ನನ್ನ ಕೈ ಮೇಲೇಳಲಿಲ್ಲ.

"ಹೀಟರ್ ಛಲೋ ಐತವ್ವಾ," ಅಂದೆ.

ಹೆಂಡತಿ ನನ್ನ ಮುಖವನ್ನೇ ನೋಡಿದಳು. "ಹಂಗಾದ್ರ ಸುಟ್ಟಿದ್ದೇನ್ರೀ?"

ಜೇಬಿನಿಂದ ವೇಪ್ ತೆಗೆದು ಅವಳ ಮುಂದಿಟ್ಟೆ. ಮಗಳು ಇನ್ನೂ ತಲೆ ಬಗ್ಗಿಸಿಕೊಂಡೇ ನಿಂತಿದ್ದಳು.