ಇನ್ನೊಂದು ಕೋಣೆಯ ತೀರ್ಪುಗಾರ್ತಿ

ಅಮೆರಿಕದ ಡ್ಯಾನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಮಂಗಳೂರಿನ ಕಡೆಯವರು, ಮಕ್ಕಳ ಡಾಕ್ಟರು. ಅವರ ಒಬ್ಬನೇ ಮಗ, ನನ್ನ ಮಗಳು ಚಿಕ್ಕಂದಿನಿಂದ ಅಣ್ಣ ಎಂದು ಕರೆಯುತ್ತಿದ್ದವನು, ಇಲ್ಲಿನ ಸೇನೆ ಸೇರಿ ಆಗ ಹೊರದೇಶದ ಯುದ್ಧದಲ್ಲಿದ್ದ. ಮಗಳ ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಬಂದ ವಿಷಯವೂ ಅದೇ ಯುದ್ಧ: ಸೈನಿಕರನ್ನು ಇಂಥ ದಿನದೊಳಗೆ ವಾಪಸು ಕರೆಸಬೇಕೆಂದು ಸಂಸತ್ತು ಕಾನೂನು ಮಾಡಬೇಕೇ, ಬೇಡವೇ? ಯಾರದು ಯಾವ ಪಕ್ಷ ಎಂಬುದು ನಾಣ್ಯ ಚಿಮ್ಮಿದ ಮೇಲಷ್ಟೇ ಗೊತ್ತಾಗುವುದರಿಂದ ಎರಡಕ್ಕೂ ತಯಾರಾಗಿರಬೇಕು.

ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದಿದವಳು. ಕಾಲೇಜಿನಲ್ಲಿ ಚರ್ಚೆಗೆ ಹೆಸರಾಗಿದ್ದೆ ಎಂದು ನನ್ನ ನೆನಪು. ಜೊತೆಗಿದ್ದವರನ್ನು ಕೇಳಿದರೆ ಏನೆನ್ನುತ್ತಾರೋ. ಮಗಳು ನನ್ನನ್ನೇ ಕೇಳುತ್ತಾಳೆಂದು ಕಾದೆ. ಒಂದು ಸಲ ಕೇಳಿದಳು ಕೂಡ. ದಿನ ಗೊತ್ತುಮಾಡಲೇಬೇಕೆಂದು ತಟ್ಟೆಯ ಸಾರನ್ನ ಆರುವವರೆಗೂ ವಾದಿಸಿದೆ.

"ಅಮ್ಮಾ, ಅದರ್ ಸೈಡು?"

"ಅದರ್ ಸೈಡಲ್ಲಿ ಏನಿದೆ, ಮಣ್ಣು!"

ಮರುದಿನದಿಂದ ಅವಳ ಅಭ್ಯಾಸ ಪಕ್ಕದ ಮನೆಯಲ್ಲಿ.

ಒಂದು ಸಂಜೆ ಕರೆಯಲು ಹೋದವಳು ಬಾಗಿಲಲ್ಲೇ ನಿಂತೆ. ಒಳಗೆ ಡಾಕ್ಟರು ದಿನ ಬೇಡವೆನ್ನುವ ಪಕ್ಷ ಹಿಡಿದಿದ್ದರು.

"ದಿನ ಹೇಳಿಬಿಟ್ರೆ ಎದುರಿನವ ಎಂತ ಮಾಡ್ತಾನೆ? ಸುಮ್ಮನೆ ಕಾಯ್ತಾನೆ. ಅಲ್ಲಿ ನಮಗೆ ಸಹಾಯ ಮಾಡಿದವರ ಗತಿ ಎಂತ? ಹೇಳು ನೋಡುವ."

"ಆದ್ರೆ ಆಂಟಿ, ದಿನಾನೇ ಇಲ್ದಿದ್ರೆ ಯುದ್ಧ ಮುಗಿಯೋದು ಯಾವಾಗ? ಅಣ್ಣ ಯಾವಾಗ ಬರ್ತಾನೆ ಅಂತ ನಿಮಗೆ ಗೊತ್ತಾ?"

ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಷ್ಟನ್ನೂ ಕನ್ನಡದಲ್ಲಿ ಆಡಿದ್ದಳು. ಡಾಕ್ಟರ ಮುಖವನ್ನು ನಾನು ನೋಡಬೇಕಿತ್ತು. ನೋಡಲಿಲ್ಲ, ಮಗಳ ಕನ್ನಡ ಕೇಳುತ್ತಾ ಉರಿಯುತ್ತಿದ್ದೆ.

"ಗೊತ್ತಿಲ್ಲ ಮಗಾ," ಎಂದರು ಅವರು. "ಪಾಯಿಂಟು ಒಳ್ಳೇದುಂಟು. ಆದ್ರೆ ಅವನನ್ನು ಸ್ಪರ್ಧೆಗೆ ತರ್ಬೇಡ, ಆಯ್ತಾ?"

ಆ ತಾಯಿಯ ಆತಂಕ ಗೊತ್ತಿದ್ದೂ ನನಗೆ ಅಸೂಯೆಯಾಯಿತು. ಈ ವಾಕ್ಯವನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನನ್ನದು ಬರೀ ಅಭಿಪ್ರಾಯ; ಅವರ ಮಗನೇ ಅಲ್ಲಿದ್ದ. ಮಗಳು ಯಾರ ಮಾತಿಗೆ ಕಿವಿಗೊಟ್ಟಾಳು?

ಇಲ್ಲಿ ಇಂಥ ಸ್ಪರ್ಧೆಗಳಿಗೆ ಅಪ್ಪ ಅಮ್ಮಂದಿರೇ ತೀರ್ಪುಗಾರರು; ಪ್ರತಿ ಶಾಲೆಯೂ ಕೆಲವರನ್ನು ಕಳಿಸಬೇಕು. ಬೇರೆ ಯಾರಾದರೂ ಕೈ ಎತ್ತುವ ಮೊದಲೇ ನಾನು ಒಪ್ಪಿಕೊಂಡೆ. ಸ್ಪರ್ಧೆಯಿದ್ದ ಪಾಲೋ ಆಲ್ಟೋಗೆ ಹೋದ ಮೇಲೆ ತಿಳಿಯಿತು, ತೀರ್ಪುಗಾರರು ತಮ್ಮ ಮಗು ವಾದಿಸುವ ಕೋಣೆಯಲ್ಲಿ ಕೂರುವಂತಿಲ್ಲ. ಬರೀ ಕೇಳಲು ಬಂದಿದ್ದ ಡಾಕ್ಟರು ಮಗಳ ಹಿಂದೆಯೇ ಒಳಗೆ ನಡೆದರು.

"ನೀವು ಆರಾಮಲ್ಲಿ ಹೋಗಿ ಮಾರಾಯ್ರೆ, ಇವಳನ್ನು ನಾನು ನೋಡಿಕೊಳ್ತೇನೆ."

ಅದರಲ್ಲಿ ಕೊಂಕಿತ್ತೆಂದು ಆಗ ಖಂಡಿತ ಅನ್ನಿಸಿತ್ತು. ಈಗ ಅಷ್ಟು ಖಂಡಿತವಿಲ್ಲ.

ನನ್ನ ಕೋಣೆಯಲ್ಲಿ ಯಾರದೋ ಮಗಳು, ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡವಳು, ದಿನ ಬೇಡವೆಂದು ವಾದಿಸಿದಳು. ಕಾನೂನಿನಲ್ಲಿ ಬರೆದ ದಿನವನ್ನು ತಿದ್ದಲು ಇನ್ನೊಂದು ಕಾನೂನೇ ಬೇಕು. ಇಲ್ಲಿ ಸಂಸತ್ತಿನ ಸದಸ್ಯರು ಜಗಳವಾಡುವಷ್ಟರಲ್ಲಿ ಅಲ್ಲಿ ಹಿಂದೆ ಸರಿಯುತ್ತಿರುವ ಕೊನೆಯ ತುಕಡಿಯ ಮೇಲೆ ದಾಳಿಯಾದರೆ? ಎದುರಿನ ಹುಡುಗ ತಡವರಿಸಿದ. ಅವನ ಪರವಾಗಿ ನಾನೂ ಮನಸ್ಸಿನಲ್ಲೇ ವಾದಿಸಿ ನೋಡಿ ಸೋತೆ. ಅವಳನ್ನೇ ಗೆಲ್ಲಿಸಿದೆ.

ಊಟದ ಹೊತ್ತಿಗೆ ಮಗಳು ಬಂದಳು. "ನಿನ್ ರೂಮಲ್ಲಿ ಯಾರು ವಿನ್ ಆದ್ರು?"

"ದಿನ ಬೇಡ ಅಂದವಳು."

"ನೋ ವೇ! ನೀನಾ, ಅಮ್ಮಾ?"

ಅವಳು ಪಕ್ಕದಲ್ಲೇ ಕುಸಿದು ಕೂತಳು. ಆ ಹುಡುಗಿ ಹೇಗೆ ಶುರುಮಾಡಿದಳು, ಎದುರಿನವನು ಎಲ್ಲಿ ಎಡವಿದ, ಎಲ್ಲವೂ ಬೇಕಿತ್ತು ಅವಳಿಗೆ. ನಾನು ಬೇಕೆಂದೇ ನಿಧಾನವಾಗಿ ಹೇಳುತ್ತಾ ಹೋದೆ. ತಿನ್ನುವುದನ್ನೂ ಬಿಟ್ಟು ಕೇಳುತ್ತಿದ್ದಳು.

"ವೇಟ್, ಇದನ್ನ ಆಂಟಿಗೆ ಹೇಳ್ಬೇಕು!" ಅರ್ಧ ಸ್ಯಾಂಡ್‌ವಿಚ್ಚನ್ನು ನನ್ನ ಕೈಗಿಟ್ಟು ಓಡಿದಳು.

ಆ ಹುಡುಗಿಯ ಕೊನೆಯ ಮಾತಿಗೆ ನಾನಿನ್ನೂ ಬಂದೇ ಇರಲಿಲ್ಲ.