ಕ್ರಾಸ್ ಟಾಕ್ ಹೆಂಗಸಿನ ಋಣ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಗೆ ಫೋನ್ ಬಂದ ಮೊದಲ ವರ್ಷ ಅದರಿಂದ ಉಪಕಾರಕ್ಕಿಂತ ತಲೆನೋವೇ ಹೆಚ್ಚಾಗಿತ್ತು. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಸತ್ತು ಮಲಗುತ್ತಿತ್ತು. ಬದುಕಿದ್ದಾಗ ಕ್ರಾಸ್ ಟಾಕ್. ಚಿಕ್ಕಪೇಟೆಯ ಸಾಹುಕಾರರ ಜೊತೆ ಸೀರೆಯ ರೇಟು ಮಾತಾಡುತ್ತಿದ್ದರೆ ನಡುವೆ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು, ಒಬ್ಬ ಹೆಂಗಸು ಕೆಮ್ಮುತ್ತಿದ್ದಳು. ವ್ಯಾಪಾರದ ಗುಟ್ಟು ಬೀದಿಪಾಲಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿ.

"ಕದ್ದು ಕೇಳಿಸ್ಕೋಬೇಡಿ, ಇಡ್ರೀ!" ಎಂದು ಗದರುತ್ತಿದ್ದೆ.

"ನಂಗೇನು ಆಸೆನಾ? ನಾನೂ ನಮ್ಮಕ್ಕಂಗೆ ಫೋನ್ ಮಾಡ್ಬೇಕು" ಎಂದು ಅವಳೂ ಬಿಡುತ್ತಿರಲಿಲ್ಲ.

ಅದು ಮದುವೆಗಳ ಕಾಲ. ಯಜಮಾನರು ರೇಷ್ಮೆ ನೂಲು ತರಲು ಹೋಗಿದ್ದರು. ಎರಡು ತಿಂಗಳು ನೇಯ್ದ ಸೀರೆಗಳೆಲ್ಲ ಮನೆಯಲ್ಲಿದ್ದವು. ಅವು ಕೈತಪ್ಪಿದರೆ ಮಗ್ಗ ಮಾರುವುದೊಂದೇ ದಾರಿ. ಆಗ ಫೋನ್ ಬಂತು. "ನಾನಮ್ಮ, ಚಿಕ್ಕಪೇಟೆಯಿಂದ. ಹೊಸ ಗುಮಾಸ್ತನ್ನ ವ್ಯಾನ್ ಕೊಟ್ಟು ಕಳ್ಸಿದೀನಿ. ಸೀರೆಯೆಲ್ಲ ಅವನ ಕೈಗೆ ಕೊಡಿ." ಆ ಗರಗರ ಸದ್ದಿನಲ್ಲಿ ಎಲ್ಲರ ದನಿಯೂ ಒಂದೇ. ಆಗಲಿ ಎಂದೆ. ಆ ಕಡೆ ಫೋನ್ ಇಟ್ಟ ಸದ್ದಾಯಿತು.

"ಅಕ್ಕ, ಕೊಡ್ಬೇಡಿ" ಎಂದಳು ಕ್ರಾಸ್ ಟಾಕ್ ಹೆಂಗಸು. "ನಿಮ್ಮ ಸಾಹುಕಾರ್ರು ಯಾವತ್ತೂ ಮೊದ್ಲು ನಿಮ್ಮತ್ತೆ ಮಂಡಿನೋವು ವಿಚಾರಿಸ್ತಾರೆ. ಆಮೇಲೇ ಸೀರೆ ಮಾತು. ಈವಯ್ಯ ಕೇಳ್ಲೇ ಇಲ್ಲ."

"ನಮ್ಮನೆ ವಿಚಾರ ನಿಂಗ್ಯಾಕಮ್ಮ?" ಎಂದು ರೇಗಿದೆ. ಅಷ್ಟರಲ್ಲಿ ಲೈನೇ ಸತ್ತಿತು. ಬೀದಿಯ ಕೊನೆಯ ಬೂತಿಗೆ ಓಡಿದರೆ ಅಲ್ಲಿಯೂ ಅದೇ ಕಥೆ. ಸಾಹುಕಾರರನ್ನೇ ಕೇಳಿಬಿಡೋಣ ಎಂದರೆ ದಾರಿಯಿಲ್ಲ.

ಸೀರೆ ಗಂಟು ಕಟ್ಟಲು ಕೂತರೂ ಅವಳ ಮಾತು ಕೊರೆಯುತ್ತಲೇ ಇತ್ತು. ಹೌದಲ್ಲ, ಮಂಡಿನೋವು ಕೇಳಲಿಲ್ಲ! ವ್ಯಾನ್ ಬಂದಾಗ ಆ ಗುಮಾಸ್ತನನ್ನು ಜಗಲಿಯಲ್ಲೇ ಕೂರಿಸಿ, "ನಮ್ಮೆಜಮಾನ್ರು ಇನ್ನೇನು ಬಂದ್ಬಿಡ್ತಾರೆ, ಅವ್ರೇ ಕೊಡ್ತಾರೆ. ಕಾಫಿ ಕುಡಿಯಪ್ಪ" ಎಂದೆ. ಕಾಫಿ ತರುವಷ್ಟರಲ್ಲಿ ಅವನೂ ಇಲ್ಲ, ವ್ಯಾನೂ ಇಲ್ಲ. ಮಾರನೆಯ ದಿನ ಲೈನ್ ಬಂದಾಗ ಸಾಹುಕಾರರು ಅತ್ತೆಯ ಮಂಡಿ ವಿಚಾರಿಸಿ, ಆಮೇಲೆ "ಯಾವ ವ್ಯಾನಮ್ಮ?" ಎಂದರು.

ಆ ವಾರವೇ ಲೈನ್‌ಮನ್ ಬಂದು ಎಲ್ಲ ಸರಿಮಾಡಿದ. ಕ್ರಾಸ್ ಟಾಕ್ ನಿಂತುಹೋಯಿತು. ಅದು ಯಾರ ಮನೆಯ ಲೈನು ಎಂದು ಕೇಳಿದೆ. "ಅದ್ಹೆಂಗಮ್ಮ ಹೇಳ್ಲಿ? ವೈರೆಲ್ಲ ಗೋಜಲು" ಎಂದ. ಅಕ್ಕಪಕ್ಕದ ಬೀದಿಗಳಲ್ಲಿ ವಿಚಾರಿಸಿದೆ, ಗೊತ್ತಾಗಲಿಲ್ಲ.

ನಮ್ಮ ಅನ್ನ ಉಳಿಸಿದ ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ. ಆ ಗಂಟಿನಿಂದ ಒಂದು ಒಳ್ಳೆಯ ಸೀರೆ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ಮಗಳು ತನ್ನ ಮದುವೆಗೆ ಅದನ್ನೇ ಕೇಳಿದಳು. "ಬೇರೆ ಯಾವುದಾದ್ರೂ ತಗೊಳ್ಳೇ, ಅದು ಆ ತಾಯಿದು" ಎಂದೆ.